ಅವ್ವನ ಕಡಕ್ ಜಗ್ಗು

ನಮ್ಮ ಕಡೆ ‘ಕಡಕ್’ ಅಂತ ಒಂದು ಮಾತಿದೆ. ಚಿಕ್ಕೋಡಿಯಿಂದ ನಿಪ್ಪಾಣಿಯವರೆಗೆ, ಅಲ್ಲಿಂದ ಗಡಿ ದಾಟಿದರೂ ಸರಿ, ಈ ಒಂದು ಮಾತನ್ನು ಇಟ್ಟುಕೊಂಡೇ ಮನುಷ್ಯ ಬಾಳ್ವೆ ಮಾಡಬಹುದು. ಚಹಾ ಗಟ್ಟಿಯಾಗಿದ್ದರೆ ಕಡಕ್. ಬಿಸಿಲು ನೆತ್ತಿ ಸುಡುತ್ತಿದ್ದರೆ ಕಡಕ್. ಮುಟ್ಟಿದರೆ ಮುರಿಯುವ ಒಣರೊಟ್ಟಿ ಕಡಕ್, ಇಸ್ತ್ರಿ ಹಾಕಿದ ಅಂಗಿ ಕಡಕ್, ನಗದ ಹೆಡ್‌ಮಾಸ್ತರರು ಕಡಕ್, ನೀರನ್ನೂ ಬಾಯಿಗಿಡದ ಉಪವಾಸ ಕಡಕ್. ಕನ್ನಡದವರಿಗೂ ಮರಾಠಿಯವರಿಗೂ ಅದು ತಮ್ಮದೇ ಮಾತು. ಹಾಗಾಗಿ ಯಾರೂ ಯಾರನ್ನೂ ಅದರ ಅರ್ಥ ಕೇಳುವುದಿಲ್ಲ. ಕೇಳಿದ್ದರೆ ನನ್ನ ಎಷ್ಟೋ ಶನಿವಾರಗಳು ಉಳಿಯುತ್ತಿದ್ದವು.

ಎಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ರಾಯಬಾಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಅಲ್ಲೇ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಅವ್ವ ಬೋರಗಾಂವದಲ್ಲಿ ಅಣ್ಣನ ಮನೆಯಲ್ಲಿ ಇದ್ದಳು. ಜೊತೆಗೆ ವೈನಿ, ಅಣ್ಣನ ಹೆಂಡತಿಯನ್ನು ನಾವು ಹಾಗೆ ಕರೆಯುತ್ತೇವೆ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಕೂಡಲೇ ಚಿಕ್ಕೋಡಿ ಬಸ್ಸು ಹಿಡಿದು, ಅಲ್ಲಿಂದ ನಿಪ್ಪಾಣಿ, ಅಲ್ಲಿಂದ ಬೋರಗಾಂವ. ನಿದ್ದೆ ಹತ್ತಿದ್ದರೂ ಊರು ಬಂದದ್ದು ಮಗ್ಗಗಳ ಸಪ್ಪಳದಿಂದಲೇ ತಿಳಿಯುತ್ತಿತ್ತು.

ನೀರನ್ನು ಸೋಸಿ ಕುದಿಸಿ ಕುಡಿಯುವುದು ನಮ್ಮ ಜೈನರ ಮನೆಗಳಲ್ಲಿ ಹೊಸದೇನಲ್ಲ. ಅವ್ವ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ಅಪ್ಪ ತೀರಿಕೊಂಡ ಮೇಲೆ ಮುನಿಗಳ ಮುಂದೆ ನಿಂತು, ತಾನೇ ಸೋಸಿ ತಾನೇ ಕುದಿಸಿದ ನೀರನ್ನಷ್ಟೇ ಕುಡಿಯುತ್ತೇನೆ ಎಂದು ನೇಮ ಹಿಡಿದಿದ್ದಳು. ಹೊತ್ತು ಮುಳುಗಿದ ಮೇಲೆ ಅದೂ ಇಲ್ಲ. ಇಷ್ಟೆಲ್ಲ ಸರಿಯಾಗಿಯೇ ನಡೆದಿತ್ತು, ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಳ್ಳುವವರೆಗೆ. ಎಲುಬು ವಾರೆಯಾಗಿ ಕೂಡಿತು. ಆ ಕೈಗೆ ಹಿಡಿತವೂ ಹೋಯಿತು, ಬಿಸಿ ತಾಗಿದ್ದು ತಿಳಿಯುವ ಸೂಕ್ಷ್ಮವೂ ಹೋಯಿತು.

ಹಿತ್ತಾಳೆಯ ತಂಬಿಗೆಯನ್ನು ಬರಿದಿದ್ದಾಗಲೂ ಎತ್ತಲಾಗದು. ಸ್ಟೀಲಿನ ಜಗ್ಗು ತಂದುಕೊಟ್ಟರೆ ಹಿಡಿಕೆ ಕಾದು ಅಂಗೈ ಬೊಬ್ಬೆ ಎದ್ದಿತು, ಎದ್ದದ್ದು ಅವಳಿಗೆ ಮರುದಿನ ಕಂಡಿತು. ದೊಡ್ಡ ಪಾತ್ರೆಯಲ್ಲಿ ಒಮ್ಮೆಲೇ ಕುದಿಸಲೂ ಆಗದು. ಎಡಗೈಯಲ್ಲಿ ಎತ್ತಬಹುದಾದ ಒಂದು ಸಣ್ಣ ತಪ್ಪೇಲಿಯಲ್ಲಿ ಮತ್ತೆ ಮತ್ತೆ ಕುದಿಸಬೇಕು. ಒಂದು ಕುದಿಯನ್ನು ಖಾಲಿ ಮಾಡಿದರೆ ತಾನೆ ಇನ್ನೊಂದು? ಅದೂ ಆರಲು ಬಿಡದೆ ಮುಚ್ಚಳವಿದ್ದ ಪಾತ್ರೆಗೇ ಸುರಿಯಬೇಕು, ತೆರೆದಿಟ್ಟರೆ ಯಾವುದಾದರೂ ಜೀವ ಬೀಳುತ್ತದೆ. ಇಷ್ಟು ತಾಪತ್ರಯಕ್ಕೆ ಅವ್ವ ಕಂಡುಕೊಂಡ ದಾರಿ ಸರಳವಾಗಿತ್ತು. ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು.

ತುಟಿ ಒಡೆದವು, ಕಾಲು ಬಾತವು. ನಿಪ್ಪಾಣಿಯ ಡಾಕ್ಟರು ಪರೀಕ್ಷೆ ಮಾಡಿ, ನೀರು ಸಾಲದೆ ಮೂತ್ರಪಿಂಡಗಳು ಬಳಲಿವೆ, ಹೀಗೇ ಬಿಟ್ಟರೆ ಈ ಬೇಸಿಗೆ ಕಷ್ಟವಾದೀತು ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. 

ಮನೆಗೆ ಬಂದ ಮೇಲೆ ವೈನಿ ಅವ್ವನನ್ನು ಕೇಳಿಕೊಂಡಳು. “ಅತ್ತಿ, ನಾ ಮಡೀಲೇ ಕಾಸಿ ಕೊಡ್ತೀನ್ರಿ. ನಿಮ್ಮ ಕಣ್ಣ ಮುಂದನ ಕಾಸ್ತೀನಿ.”

“ನೇಮ ಹಿಡದಾಕಿ ನಾನೋ ನೀನೋ?” ಎಂದಳು ಅವ್ವ. ಮಾತು ಅಲ್ಲಿಗೆ ಮುಗಿಯಿತು.

ನಾನು ಕುದಿಸಿಕೊಡುವ ಪ್ರಶ್ನೆಯಂತೂ ಇರಲೇ ಇಲ್ಲ. ನಾನು ಬಸ್‌ಸ್ಟ್ಯಾಂಡಿನ ಚಹಾ ಕುಡಿಯುವವಳು, ಹೊತ್ತು ಮುಳುಗಿದ ಮೇಲೆ ಉಣ್ಣುವವಳು. ಶುದ್ಧ ಅಶುದ್ಧದ ವಿಷಯದಲ್ಲಿ ನನ್ನ ಮಾತಿಗೆ ಆ ಮನೆಯಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಹೊರಗಿನಿಂದ ಏನೇ ಬರಲಿ, ಅವ್ವನ ಮೊದಲ ಮಾತು “ಇದರಾಗ ಏನೈತಿ?” ಸಾಬೂನು ತಂದರೆ ಇದರಾಗ ಏನೈತಿ. ಬಿಸ್ಕೀಟು ತಂದರೆ ಇದರಾಗ ಏನೈತಿ. ಡಾಕ್ಟರು ಕೊಟ್ಟ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು, ಒಳಗಿನ ಔಷಧ ಬಿಟ್ಟು ಮೇಲಿನ ಸಿಪ್ಪೆಯ ಕುಲಗೋತ್ರ ವಿಚಾರಿಸುತ್ತಿದ್ದಳು. ನಾನು ಹೇಳಿದ ಉತ್ತರವನ್ನು ನಂಬದೆ, ಓಣಿಯ ಇನ್ನೊಬ್ಬ ವ್ರತಿ ಮುದುಕಿಯನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಬಿ.ಎಸ್‌ಸಿ. ಓದಿದ ನನಗೆ ಇದರಿಂದ ಮೈ ಉರಿಯುತ್ತಿತ್ತು.

ಇನ್ನು ಅಣ್ಣ. ಅವನು ಊರ ಹೊರಗೆ ತಗಡಿನ ಶೆಡ್ಡು ಹಾಕಿ ಪ್ಲಾಸ್ಟಿಕ್ ಕೆಲಸ ಶುರು ಮಾಡಿದ್ದ. ಕಾಳುಕಾಳಾದ ಪ್ಲಾಸ್ಟಿಕ್ಕನ್ನು ಕಾಯಿಸಿ, ಕೈಯಿಂದ ಹಿಡಿಕೆ ಜಗ್ಗಿ ಅಚ್ಚಿನೊಳಗೆ ಒತ್ತುವ ಮಷಿನ್ನು. ಮಗ್ಗದವರಿಗೆ ನೂಲು ಸುತ್ತುವ ಬಾಬಿನ್ನು, ಸಂತೆಗೆ ಜಗ್ಗು, ಲೋಟ. ಯಾವ ವಿಷಯದಲ್ಲೂ ಅರ್ಧ ಕೇಳಿ ಪೂರ್ತಿ ಮಾಡಿಬಿಡುವ ಮನುಷ್ಯ. ಡಾಕ್ಟರ ಮಾತು ಕೇಳಿದವನೇ ತನ್ನ ಶೆಡ್ಡಿನಿಂದ ಒಂದು ನೀಲಿ ಜಗ್ಗು ತಂದು ಅವ್ವನ ಮುಂದಿಟ್ಟ. ಹಗುರ, ಹಿಡಿಕೆ ಕಾಯುವುದಿಲ್ಲ, ಮುಚ್ಚಳವೂ ಇದೆ. ಅವ್ವ ತಪ್ಪೇಲಿಯ ಕುದಿನೀರು ಸುರಿದಳು. ಜಗ್ಗು ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ಸೊಂಟ ಬಾಗಿ, ಮೂತಿ ತಿರುಗಿಸಿ, ಮೆಲ್ಲಗೆ ಕೂತುಬಿಟ್ಟಿತು.

“ನಿನ್ನ ಜಗ್ಗಿಗೆ ನನಗಿಂತ ಮೊದಲ ಮುಪ್ಪ ಬಂತಲ್ಲೋ,” ಎಂದಳು ಅವ್ವ. “ಕುದಿನೀರಿಗೆ ಬಗ್ಗಬಾರದು. ಕಡಕ್ ಇರಬೇಕು.”

ಈ ಕಡಕ್ ಎಂಬ ಮಾತನ್ನು ಅಣ್ಣ ಹಾಗೇ ಗಂಟು ಕಟ್ಟಿಕೊಂಡು ಕೊಲ್ಲಾಪುರಕ್ಕೆ ಹೋಗಿ ಪ್ಲಾಸ್ಟಿಕ್ ಕಾಳಿನ ವ್ಯಾಪಾರಿಯ ಮುಂದೆ ಬಿಚ್ಚಿದ. “ಕಡಕ್ ಪಾಹಿಜೆ?” ಕಡಕ್ ಬೇಕೇ ಎಂದು ಅವನು ಮರಾಠಿಯಲ್ಲಿ ಕೇಳಿದನಂತೆ, ಅಣ್ಣ ಹೌದೆಂದನಂತೆ. ಬಿಸಿ ತಡೆಯುವುದು ಎಂದು ಇವನು ಹೇಳಲಿಲ್ಲ, ಯಾತಕ್ಕೆ ಎಂದು ಅವನು ಕೇಳಲಿಲ್ಲ. ಗಾಜಿನಂತೆ ಹೊಳೆಯುವ ಒಂದು ಜಾತಿಯ ಕಾಳು ಬಂತು. ಅದರ ಜಗ್ಗು ನೋಡಲು ಚೆಂದ, ಉಗುರಿನಿಂದ ಬಡಿದರೆ ಟಣ್ ಎನ್ನುತ್ತಿತ್ತು. ಕುದಿನೀರು ಬಿದ್ದದ್ದೇ ತಡ, ಕುತ್ತಿಗೆಯಿಂದ ಬುಡದವರೆಗೆ ಸೀಳಿತು. ಅಡುಗೆಮನೆ ತುಂಬ ನೀರು. ನಾನು ಆ ಶನಿವಾರ ಬಂದಾಗ ಅಣ್ಣ ಚೂರುಗಳನ್ನು ಹಿಡಿದು ಕೂತಿದ್ದ.

“ಕಡಕ್ ಅಂದ್ರ ಕಡಕ್ಕ ಕೊಟ್ಟಾನ,” ಎಂದ.

“ಮುರಿಯೂ ರೊಟ್ಟಿ ಕಡಕ್ ತಂದೀ, ಬಗ್ಗದ ಮನಷ್ಯಾರ ಕಡಕ್ ಬೇಕಾಗಿತ್ತು,” ಎಂದು ನಾನು ರೇಗಿದೆ. ರೇಗಿದ್ದಷ್ಟೇ ಅಲ್ಲ, ಇನ್ನು ಇದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದೂ ಬಾಯಿಬಿಟ್ಟೆ.

ಪ್ಲಾಸ್ಟಿಕ್ ಎಂದರೆ ಉದ್ದುದ್ದ ಎಳೆಗಳ ಸಿಕ್ಕು. ಕಾದಾಗ ಎಳೆಗಳು ಸಡಿಲಾಗಿ ಒಂದರ ಮೇಲೊಂದು ಜಾರುತ್ತವೆ, ಪಾತ್ರೆ ಕೂರುತ್ತದೆ. ಎಳೆಗಳ ನಡುವೆ ಕಾವಿಗೆ ಜಗ್ಗದಂಥ ಕಲ್ಲಿನ ಕಣಗಳನ್ನು ಸೇರಿಸಿದರೆ ಜಾರುವುದಕ್ಕೆ ತಡೆ ಬೀಳುತ್ತದೆ. ಕಾಲೇಜಿನಲ್ಲಿ ಓದಿದ್ದು ಇಷ್ಟು. ಹೆಚ್ಚಿನ ಕಾವು ತಡೆಯುವ ಬೇರೆ ಪ್ಲಾಸ್ಟಿಕ್ಕುಗಳೂ ಇದ್ದವು, ಆದರೆ ಅವು ಅಣ್ಣನ ಕೈಮಷಿನ್ನಿನ ಶಾಖಕ್ಕೆ ಕರಗುತ್ತಿರಲಿಲ್ಲ. ಅಣ್ಣನಿಗೆ ಕಲ್ಲಿನ ಪುಡಿ ಬೆರೆಸಬೇಕು ಎಂದು ಬಿಡಿಸಿ ಹೇಳಿದೆ. ತೀರ ನಯವಾಗಿರಬೇಕು, ನಾನು ಹುಡುಕಿ ತರುತ್ತೇನೆ, ಅಲ್ಲಿವರೆಗೆ ಸುಮ್ಮನಿರು ಎಂದೆ.

ಸುಮ್ಮನಿದ್ದರೆ ಅವನು ನಮ್ಮಣ್ಣ ಹೇಗಾದಾನು? ಮುಂದಿನ ವಾರ ಹೋದಾಗ ಗುಲಾಬಿ ಬಣ್ಣದ ಜಗ್ಗು ಕಾದಿತ್ತು. ಕಲ್ಲಿನ ಪುಡಿ ಎಂದರೆ ರಂಗೋಲಿ ಎಂದುಕೊಂಡಿದ್ದ. ಅಂಗಡಿಯಲ್ಲಿ ಬಿಳಿಯದು ತೀರಿತ್ತಂತೆ, ಗುಲಾಬಿ ತಂದಿದ್ದ. ಜಗ್ಗು ಉಪ್ಪುಕಾಗದದಂತೆ ಒರಟು, ಕುದಿನೀರಿಗೆ ಮೊದಲಿನದಕ್ಕಿಂತ ಸ್ವಲ್ಪ ತಡವಾಗಿ ಕೂತಿತು, ನೀರು ನಸುಗೆಂಪಾಯಿತು. ಅವ್ವ ಅದನ್ನು ನೋಡಿ ನಕ್ಕಳು. ನನಗೆ ನಗು ಬರಲಿಲ್ಲ, ಅವಳ ಒಡೆದ ತುಟಿ ಕಾಣುತ್ತಿತ್ತು.

ನಾನು ಹುಡುಕಿ ತಂದದ್ದು ಮರಳಿನಿಂದಲೇ ಮಾಡಿದ ಒಂದು ಬಿಳಿ ಪುಡಿ. ಕೊಲ್ಲಾಪುರದ ಬಣ್ಣದ ಅಂಗಡಿಯಲ್ಲಿ ಸಿಕ್ಕಿತು, ಬಣ್ಣ ಇಳಿಯದಂತೆ ದಪ್ಪ ಮಾಡಲು ಬಳಸುತ್ತಿದ್ದರು. ದೊಡ್ಡ ಚೀಲ ತುಂಬಿದ್ದರೂ ಕೈಯಲ್ಲಿ ಹಿಡಿದರೆ ಏನೂ ಇಲ್ಲದಷ್ಟು ಹಗುರ. ಚೀಲದ ಬಾಯಿ ಬಿಚ್ಚಿದರೆ ಹೊಗೆಯಾಗಿ ಏಳುತ್ತಿತ್ತು. ಈಗ ಪತ್ರಿಕೆಗಳಲ್ಲಿ ಇಂಥದಕ್ಕೆ ನ್ಯಾನೋ ಎಂದು ದೊಡ್ಡ ಹೆಸರಿಟ್ಟು ಬರೆಯುತ್ತಾರೆ. ಆಗ ನಮಗೆ ಆ ಮಾತು ಗೊತ್ತಿರಲಿಲ್ಲ, ಅಣ್ಣ ಹೊಗೆಪುಡಿ ಎಂದು ಕರೆದ. ಕಣ ಸಣ್ಣದಾದಷ್ಟೂ ಹೆಚ್ಚು ಎಳೆಗಳನ್ನು ಹಿಡಿದುಕೊಳ್ಳುತ್ತದೆ, ಸ್ವಲ್ಪ ಹಾಕಿದರೆ ಸಾಕು, ಪಾತ್ರೆ ಒರಟಾಗುವುದಿಲ್ಲ, ರೊಟ್ಟಿಯಂತೆ ಮುರಿಯುವುದೂ ಇಲ್ಲ. ಹಾಗೆಂದು ನನ್ನ ಲೆಕ್ಕಾಚಾರ.

ಪುಡಿಗೆ ನನ್ನ ಲೆಕ್ಕಾಚಾರ ಗೊತ್ತಿರಲಿಲ್ಲ. ಇಷ್ಟು ನಯವಾದದ್ದು ಬೇರೆ ಯಾರ ಜೊತೆಗೂ ಬೆರೆಯದೆ ತನ್ನವರ ಜೊತೆಗೇ ಗುಂಪುಗೂಡುತ್ತದೆ. ಜಗ್ಗಿನ ಮೈಯಲ್ಲಿ ಬಿಳಿ ಗಂಟುಗಳು ಎದ್ದವು, ಒಂದೊಂದು ಗಂಟಿನ ಹತ್ತಿರವೂ ಕುದಿನೀರಿಗೆ ಡೊಂಕು ಬಿತ್ತು. ಕಲಸಿದೆವು, ಜರಡಿ ಹಿಡಿದೆವು, ತಗಡಿನ ಡಬ್ಬಿಯಲ್ಲಿ ಹಾಕಿ ಉರುಳಿಸಿದೆವು. ನಡುವೆ ಕರೆಂಟು ಹೋದರೆ ಪ್ಲಾಸ್ಟಿಕ್ಕು ಮಷಿನ್ನಿನ ಗಂಟಲಲ್ಲೇ ಹೆಪ್ಪುಗಟ್ಟುತ್ತಿತ್ತು, ಅದನ್ನು ಕೆತ್ತಿ ತೆಗೆಯುವಷ್ಟರಲ್ಲಿ ನನ್ನ ಸೋಮವಾರದ ಬಸ್ಸಿನ ಹೊತ್ತು. ಅಣ್ಣ ಹೊಗೆಪುಡಿಯನ್ನು ಬೈಯುತ್ತಿದ್ದ, ನಾನು ಅಣ್ಣನನ್ನು ಬೈಯುತ್ತಿದ್ದೆ, ಅವ್ವ ಶೆಡ್ಡಿಗೆ ಕಳಿಸಿದ ಅವಲಕ್ಕಿಯನ್ನು ಇಬ್ಬರೂ ಬೆನ್ನು ತಿರುಗಿಸಿ ಕೂತು ತಿನ್ನುತ್ತಿದ್ದೆವು. ರಾಯಬಾಗಕ್ಕೆ ಹೋದ ಮೇಲೂ ತಲೆಯ ತುಂಬ ಅದೇ. ಎಣ್ಣೆಯ ಗುಣದ ಪ್ಲಾಸ್ಟಿಕ್ಕಿಗೂ ನೀರಿನ ಗುಣದ ಮರಳಿಗೂ ಹೊಂದುವುದಿಲ್ಲ ಎಂಬುದು ಗೊತ್ತಿತ್ತು. ನಡುವೆ ಇಬ್ಬರ ಕೈಯನ್ನೂ ಹಿಡಿಯುವಂಥದು ಒಂದು ಬೇಕಿತ್ತು.

ಅದಕ್ಕೂ ಒಂದು ವಸ್ತು ಇತ್ತು. ಮೇಣಬತ್ತಿ ಮಾಡುವವರು ಬಳಸುವ ಬಿಳಿ ಚಕ್ಕೆ. ಕಾಯಿಸಿದರೆ ಕರಗುತ್ತದೆ, ಅದರ ಒಂದು ತುದಿ ಕಲ್ಲಿಗೆ ಅಂಟುತ್ತದೆ, ಇನ್ನೊಂದು ತುದಿ ಪ್ಲಾಸ್ಟಿಕ್ಕಿಗೆ ಒಗ್ಗುತ್ತದೆ. ಚಕ್ಕೆಯನ್ನು ಕೊಲ್ಲಾಪುರದ ಆ ಪ್ಲಾಸ್ಟಿಕ್ ವ್ಯಾಪಾರಿಯೇ ಕೊಟ್ಟ. ಪುಡಿಗೆ ಅದನ್ನು ಸವರಿ ಕಾಳಿನೊಂದಿಗೆ ಬೆರೆಸಿದೆವು. ಅಚ್ಚಿನಿಂದ ಹೊರಬಂದ ಜಗ್ಗಿನಲ್ಲಿ ಒಂದೂ ಗಂಟಿರಲಿಲ್ಲ. ಮೈ ನಯವಾಗಿ, ಹಾಲುಬಣ್ಣವಾಗಿತ್ತು. ಶೆಡ್ಡಿನಲ್ಲೇ ಸ್ಟೋವು ಹಚ್ಚಿ ನೀರು ಕುದಿಸಿ ಸುರಿದೆವು. ನಿಂತಿತು. ಇನ್ನೊಮ್ಮೆ ಸುರಿದೆವು, ನಿಂತಿತು. ನೆಲಕ್ಕೆ ಬೀಳಿಸಿದೆವು, ಒಡೆಯಲಿಲ್ಲ. ಅಣ್ಣ ನನ್ನ ಬೆನ್ನಿಗೆ ಗುದ್ದಿದ. ಆ ಸಂಜೆಯ ಸಂತೋಷವನ್ನು ನಾನು ಮರೆತಿಲ್ಲ.

ಮರುದಿನ ಬೆಳಿಗ್ಗೆ ಜಗ್ಗನ್ನು ತೊಳೆದು ಅವ್ವನ ಮುಂದಿಟ್ಟೆವು. ಅವಳು ಎಡಗೈಯಲ್ಲಿ ಎತ್ತಿ ನೋಡಿದಳು, ಬಲಗೈಗೆ ದಾಟಿಸಿದಳು. ಹಗುರವಾಗಿದ್ದದ್ದು ಮುಖದಲ್ಲಿ ಕಂಡಿತು. ತಪ್ಪೇಲಿ ಒಲೆಯ ಮೇಲಿತ್ತು. ಅಷ್ಟರಲ್ಲಿ ಕೇಳಿದಳು.

“ಇದರಾಗ ಏನೈತಿ?”

“ಪ್ಲಾಸ್ಟಿಕ್. ಮರಳಿನ ಪುಡಿ,” ಎಂದೆ.

“ಮತ್ತ?”

“ಮೇಣಬತ್ತಿಗೆ ಹಾಕೂ ಚಕ್ಕಿ, ಚೂರ.”

“ಅದು ಯಾತರದ್ದು?”

ಅವಳ ಬೆನ್ನ ಹಿಂದೆ ನಿಂತಿದ್ದ ಅಣ್ಣ ಕಣ್ಣು ದೊಡ್ಡದು ಮಾಡಿ ತಲೆ ಅಲ್ಲಾಡಿಸಿದ. ನಮ್ಮ ಸುತ್ತಲಿನ ಯಾವ ವ್ರತಿ ಮುದುಕಿಗೂ ಇದರ ಉತ್ತರ ಗೊತ್ತಿರಲಿಲ್ಲ, ನಾನು ಕಡಲೆಬೀಜದ್ದು ಎಂದಿದ್ದರೂ ಖಾತ್ರಿ ಮಾಡಿಕೊಳ್ಳಲು ಜಾಗವಿರಲಿಲ್ಲ. ಡಾಕ್ಟರ ಮಾತು ಕಿವಿಯಲ್ಲಿತ್ತು, ನೀರೂ ಕುದಿಯುತ್ತಿತ್ತು. ಆದರೂ ಕುಡಿಯುವ ನೀರಿಗೆ ನೇಮ ಹಿಡಿದವಳು ಅವಳು. ಅವಳ ಬಾಯಿಗೆ ಹೋಗುವುದನ್ನು ಮುಚ್ಚಿಡಲು ನನಗೆ ನಾಲಿಗೆ ಏಳಲಿಲ್ಲ.

“ಎಣ್ಣೀದೂ ಇರ್ತೈತಿ, ಪ್ರಾಣಿ ಚರಬೀದೂ ಇರ್ತೈತಿ,” ಎಂದೆ. “ಇದು ಯಾವುದು ಅಂತ ನನಗ ಗೊತ್ತಿಲ್ಲ.”

ಅವ್ವ ಎದ್ದಳು. ಜಗ್ಗನ್ನು ಎರಡೂ ಕೈಯಿಂದ ಎತ್ತಿಕೊಂಡು ಹೋಗಿ ಹಿತ್ತಲಿನ ಕಟ್ಟೆಯ ಮೇಲೆ ಇಟ್ಟು, ಕೈ ತೊಳೆದುಕೊಂಡು, ಮತ್ತೆ ಸ್ನಾನಕ್ಕೆ ನೀರು ಹಾಕಿಸಿಕೊಂಡಳು.

ಅಣ್ಣ ನನ್ನ ಮೇಲೆ ಹರಿಹಾಯ್ದ. “ಸತ್ಯವಂತಿ ಬಂದ್ಲು. ಬಾಯಿ ಮುಚ್ಕೊಂಡ ಇದ್ರ ಏನ ಗಂಟ ಹೋಗ್ತಿತ್ತ? ಆಕಿ ನೀರ ಇಲ್ದ ಸತ್ರ ನೇಮ ತಗೊಂಡ ಏನ ಮಾಡೂದೈತಿ?”

ಅವನ ಸಿಟ್ಟಿನಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಅವ್ವನ ಮೇಲೂ ಸಿಟ್ಟು ಬಂತು. ಇಷ್ಟು ಕಡಕ್ ಯಾಕಿರಬೇಕು ಒಬ್ಬ ಹೆಂಗಸು? ಜಗ್ಗನ್ನಾದರೂ ಪುಡಿ ಹಾಕಿ ಬದಲಿಸಬಹುದು, ಈಕೆಯನ್ನು ಏನು ಹಾಕಿ ಮೆತ್ತಗೆ ಮಾಡಬೇಕು? ಹೀಗೆಲ್ಲ ಗೊಣಗುತ್ತ ಅಣ್ಣನ ಮೋಟಾರ್‌ಸೈಕಲ್ಲಿನ ಹಿಂದೆ ಕೂತು ಕೊಲ್ಲಾಪುರಕ್ಕೆ ಹೋದೆ.

ವ್ಯಾಪಾರಿಗೆ ಮರಾಠಿಯಲ್ಲೇ ಕೇಳಿದೆ, ಈ ಚಕ್ಕೆಯನ್ನು ಯಾತರಿಂದ ಮಾಡುತ್ತಾರೆ ಎಂದು.

“ಕಂಪನೀತ,” ಎಂದ. ಕಂಪನಿಯಲ್ಲಂತೆ.

ಕಂಪನಿಯಲ್ಲಿ ಯಾತರಿಂದ ಎಂದೆ.

“ಮ್ಯಾಡಮ್, ಮಾಲ್ ಏಕದಮ್ ಶುದ್ಧ. ಕಡಕ್ ಶುದ್ಧ.”

ಶುದ್ಧ ಎಂದರೆ ಅವನಿಗೆ ಕಲಬೆರಕೆ ಇಲ್ಲದ್ದು. ಕೊಬ್ಬಿನಿಂದ ಮಾಡಿದ್ದಾದರೆ ಶುದ್ಧ ಕೊಬ್ಬು. ಅಣ್ಣ ನನ್ನ ಕಡೆ ತಿರುಗಿ, “ನೋಡ, ಶುದ್ಧ ಅಂದಾನ, ಅವ್ವಗ ಹಂಗ ಹೇಳೂನು,” ಎಂದ. ನಾನು ಹಣೆ ಹಣೆ ಬಡಿದುಕೊಂಡು ಹೊರಗೆ ಬಂದೆ.

ಮತ್ತೆ ಮೊದಲಿನಿಂದ ಶುರು. ಬೇಸಿಗೆ ಬಂದೇ ಬಿಟ್ಟಿತ್ತು. ಚಕ್ಕೆ ಬೇಡವಾದರೆ ಎರಡು ತುದಿಯ ಗುಣವಿರುವ ಇನ್ನೊಂದು ಬೇಕು, ಅದು ಎಲ್ಲಿಂದ ಬಂತೆಂದು ನನ್ನ ಕಣ್ಣಿಗೆ ಕಾಣಬೇಕು. ಉಳಿದದ್ದು ಔಡಲ ಎಣ್ಣೆ, ಅಂದರೆ ಹರಳೆಣ್ಣೆ. ಅದರ ರಚನೆ ಮಿಕ್ಕ ಎಣ್ಣೆಗಳಂತಲ್ಲ, ಮರಳಿಗೆ ಸ್ವಲ್ಪ ಹೆಚ್ಚೇ ಅಂಟುತ್ತದೆ. ಗಾಣದ ಮುಂದೆ ನಿಂತು, ಬೀಜ ಹಾಕುವುದರಿಂದ ಎಣ್ಣೆ ಇಳಿಯುವವರೆಗೆ ನೋಡಿ ತಂದೆ. ಮೊದಲ ಜಗ್ಗಿಗೆ ಎಣ್ಣೆ ಹೆಚ್ಚಾಗಿ ಮೈಯೆಲ್ಲ ಬೆವರಿತು. ಎರಡನೆಯದಕ್ಕೆ ಕಡಿಮೆಯಾಗಿ ಗಂಟುಗಳು ಮರಳಿ ಬಂದವು. ಎಣ್ಣೆ ಸವರಿದ ಪುಡಿಯನ್ನು ಬಿಸಿಲಿಗೆ ಹರಡಿದರೆ ಗಾಳಿ ಬಂದು ಅರ್ಧ ಹಾರಿಸಿಕೊಂಡು ಹೋಯಿತು, ಅಣ್ಣನ ಮೀಸೆ ಬೆಳ್ಳಗಾಯಿತು. ಅವನು ಒಂದು ಶನಿವಾರ ಶೆಡ್ಡಿಗೆ ಬರಲೇ ಇಲ್ಲ. ಮುಂದಿನ ಶನಿವಾರ ಬಂದು ಹಿಡಿಕೆ ಜಗ್ಗಿದ. ಈ ನಡುವೆ ಡಾಕ್ಟರು ಅವ್ವನಿಗೆ ಮತ್ತೆ ಪರೀಕ್ಷೆ ಬರೆದಿದ್ದರು. ಅವಳು ಮಧ್ಯಾಹ್ನವೆಲ್ಲ ಪಡಸಾಲೆಯ ಕಂಬಕ್ಕೆ ಒರಗಿ, ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿಕೊಂಡು ಕೂತಿರುತ್ತಿದ್ದಳು. ಅದನ್ನು ನೋಡಿದರೆ ಬೈಯಲೂ ಆಗುತ್ತಿರಲಿಲ್ಲ.

ಕೊನೆಗೆ ಒಂದು ಜಗ್ಗು ಬಂತು. ಹಾಲುಬಣ್ಣ ಹೋಗಿ ಹಳದಿಯಾಗಿತ್ತು, ಹಿಡಿಕೆ ಕೊಂಚ ಸೊಟ್ಟ, ಹತ್ತಿರ ತಂದರೆ ಔಡಲ ವಾಸನೆ. ಸಂತೆಯಲ್ಲಿ ಇಟ್ಟರೆ ಯಾರೂ ಕೊಳ್ಳುವಂಥದಲ್ಲ, ಆಮೇಲೆ ಕೊಳ್ಳಲೂ ಇಲ್ಲ. ಕುದಿನೀರಿಗೆ ಮಾತ್ರ ನಿಂತಿತು. ಸುರಿದೆವು, ಚೆಲ್ಲಿದೆವು, ಮತ್ತೆ ಸುರಿದೆವು. ಕದಲಲಿಲ್ಲ. ಈ ಸಲ ಅಣ್ಣ ಬೆನ್ನಿಗೆ ಗುದ್ದಲಿಲ್ಲ. “ನಡಿ, ಆಕಿ ಕೇಳ್ತಾಳ, ನೀನ ಹೇಳಾಕಿ,” ಎಂದಷ್ಟೇ ಅಂದ.

ದಾರಿಯುದ್ದಕ್ಕೂ ನಾನು ಉತ್ತರಗಳನ್ನು ಜೋಡಿಸಿಕೊಳ್ಳುತ್ತ ಬಂದೆ. ಪ್ಲಾಸ್ಟಿಕ್ ಯಾತರದ್ದು, ಮರಳು ಯಾವ ಕಡೆಯದು, ಗಾಣ ಯಾರದು, ಗಾಣದಲ್ಲಿ ಅದಕ್ಕೂ ಮೊದಲು ಏನು ಹಾಕಿದ್ದರು. ಒಂದೊಂದನ್ನೂ ಕೇಳುತ್ತಾಳೆ, ಆಮೇಲೆ ಓಣಿಯ ಮುದುಕಿಯ ಹತ್ತಿರ ಖಾತ್ರಿ ಮಾಡಿಕೊಳ್ಳುತ್ತಾಳೆ, ಆ ಮುದುಕಿ ಏನಾದರೊಂದು ತಕರಾರು ತೆಗೆಯುತ್ತಾಳೆ. ನಡೆದು ಬರುವಾಗಲೇ ನನಗೆ ರೋಸಿಹೋಗಿತ್ತು.

ಅವ್ವ ಒಲೆಯ ಮುಂದೆ ಕೂತಿದ್ದಳು. ನೀರು ಸೋಸಿ ಇಟ್ಟಾಗಿತ್ತು, ಕುದಿಯುತ್ತಲೂ ಇತ್ತು. ನಾನು ಜಗ್ಗನ್ನು ಅವಳ ಮುಂದಿಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು, ಮೂಸಿದಳು, ಮೂಗು ಮುರಿದಳು. ನಾನು ಬಾಯಿ ತೆರೆದು ಕಾದೆ. ಅವಳು ತನ್ನ ಸೆರಗಿನ ತುದಿಯಿಂದ ತಪ್ಪೇಲಿಯ ಅಂಚು ಹಿಡಿದು, ಎಡಗೈಯಲ್ಲಿ ಎತ್ತಿ, ಕುದಿನೀರನ್ನು ಅದಕ್ಕೆ ಸುರಿದು ಮುಚ್ಚಳ ಮುಚ್ಚಿದಳು. ಇನ್ನೊಂದು ತಪ್ಪೇಲಿ ನೀರನ್ನು ಒಲೆಯ ಮೇಲಿಟ್ಟಳು.

ನನಗೇ ತಡೆಯಲಾಗಲಿಲ್ಲ. “ಇದರಾಗ ಏನೈತಿ ಅಂತ ಕೇಳೂದಿಲ್ಲೇನಬೇ?”

“ಅವತ್ತ ಚರಬಿ ಇರಬಹುದು ಅಂದಾಕಿ ನೀನ,” ಎಂದಳು ಅವ್ವ, ಒಲೆಯ ಕಡೆಯೇ ನೋಡುತ್ತ. “ಇವತ್ತ ನೀನ ತಂದಿಟ್ಟೀ. ಇನ್ನ ಕೇಳೂದೇನೈತಿ?”

ಬಾಗಿಲಲ್ಲಿ ನಿಂತಿದ್ದ ಅಣ್ಣ ಚಪ್ಪಲಿ ಬಿಡುವುದನ್ನು ಅಲ್ಲಿಗೇ ನಿಲ್ಲಿಸಿದ. ನೀರು ಆರಿತು. ಆಮೇಲೆ ಅವ್ವ ವಾರೆಯಾದ ಬಲಗೈಯಲ್ಲೇ ಜಗ್ಗನ್ನು ಎತ್ತಿ, ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು. ಔಡಲ ವಾಸನೆ ಬರುತ್ತದೆ ಎಂದಳು. ಎಂದು, ಮತ್ತೊಂದು ಲೋಟ ಬಗ್ಗಿಸಿಕೊಂಡಳು.